ಉಪ್ಪುನೀರಿನಲ್ಲಿ ಓಡಿದ ಹಳೆಯ ಔಟ್‌ಬೋರ್ಡ್ ಎಂಜಿನ್ ಇನ್ನೆಷ್ಟು ಕಾಲ ಬಾಳೀತು?

ಪ್ರಶ್ನೆ: ನಮ್ಮ ನಾಡದೋಣಿಗೆ, ಬೇರೆಯವರು ಬಳಸಿದ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಹೊರಗಿನಿಂದ ತಗುಲಿಸುವ ಎಂಜಿನ್) ಒಂದನ್ನು ಕೊಳ್ಳಬೇಕೆಂದಿದ್ದೇವೆ. ಆರು ವರ್ಷ ಸಮುದ್ರದಲ್ಲಿ ಓಡಿದೆ ಎಂದು ಮಾರುವವರು ಹೇಳುತ್ತಾರೆ. ಉಪ್ಪುನೀರಿನ ಎಂಜಿನ್‌ಗೆ ಎಷ್ಟು ವರ್ಷ ಆಯುಷ್ಯ? ಇದರಲ್ಲಿ ಇನ್ನೆಷ್ಟು ಉಳಿದಿದೆ ಎಂದು ತಿಳಿಯುವುದು ಹೇಗೆ?

ಉತ್ತರ: ಬರೀ ವರ್ಷದ ಲೆಕ್ಕ ಹಿಡಿದು ಇದಕ್ಕೆ ಉತ್ತರ ಹೇಳಲಾಗದು. ದಿನಕ್ಕೆ ಐದು ಗಂಟೆಯಂತೆ ವರ್ಷದಲ್ಲಿ 200 ದಿನ ಮೀನಿಗೆ ಹೋದ ಎಂಜಿನ್ ಒಂದೇ ವರ್ಷದಲ್ಲಿ 1,000 ಗಂಟೆ ಓಡಿರುತ್ತದೆ; ವಾರಾಂತ್ಯದಲ್ಲಿ ಮಾತ್ರ ಪ್ರವಾಸಿಗರನ್ನು ಅಳಿವೆಯಲ್ಲಿ ಸುತ್ತಾಡಿಸುವ ದೋಣಿಯ ಎಂಜಿನ್ ಅಷ್ಟು ಓಡಲು ಐದಾರು ವರ್ಷ ಹಿಡಿಯಬಹುದು. ಪೆಟ್ರೋಲ್ ಔಟ್‌ಬೋರ್ಡ್‌ಗೆ ದೊಡ್ಡ ರಿಪೇರಿ ಬರುವ ಮುನ್ನ 1,500 ಗಂಟೆ ಎಂಬುದು ಸಾಮಾನ್ಯವಾಗಿ ಹೇಳುವ ಅಂಕಿ. ಆದರೆ ಅದು ಪಿಸ್ಟನ್, ರಿಂಗ್, ಬೇರಿಂಗ್‌ಗಳ ಸವೆತಕ್ಕೆ ಹೊಂದುವ ಮಾತು. ಉಪ್ಪು ತಿನ್ನುವ ಲೆಕ್ಕವೇ ಬೇರೆ, ಏಕೆಂದರೆ ಅದು ಎಂಜಿನ್ ನಿಂತಿರುವಾಗಲೂ ನಡೆಯುತ್ತಿರುತ್ತದೆ. ಹೆಚ್ಚಿನ ಹಾನಿ ಆಗುವುದೂ ಆಗಲೇ.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಔಟ್‌ಬೋರ್ಡ್ ಈ ನೀರನ್ನೇ ನೇರವಾಗಿ ಎಳೆದುಕೊಂಡು ಬ್ಲಾಕಿನ (ಸಿಲಿಂಡರುಗಳಿರುವ ಮುಖ್ಯ ಮೈಯ) ಸುತ್ತ ಹರಿಸಿ ತಂಪಾಗುತ್ತದೆ. ಓಡುತ್ತಿರುವಷ್ಟು ಹೊತ್ತು ಉಪ್ಪು ನೀರಿನೊಡನೆ ಹೊರಗೆ ಹೋಗುತ್ತಿರುತ್ತದೆ. ದಡ ಸೇರಿ ಎಂಜಿನ್ ಆರಿಸಿದ ಮೇಲೆ ಬ್ಲಾಕಿನ ಬಿಸಿಗೆ ಒಳಗುಳಿದ ತೇವ ಒಣಗಿ, ನೀರಿನ ದಾರಿಯ ಗೋಡೆಗಳಿಗೆ ಉಪ್ಪು ಅಂಟಿಕೊಳ್ಳುತ್ತದೆ. ಪ್ರತಿ ಸಲವೂ ಹತ್ತು ಹದಿನೈದು ನಿಮಿಷ ಸಿಹಿನೀರು ಹರಿಸಿ ತೊಳೆದರೆ ಅದರ ಬಹುಪಾಲು ಹೋಗುತ್ತದೆ. ತೊಳೆಯದೆ ಬಿಟ್ಟರೆ ಪದರದ ಮೇಲೆ ಪದರ ಕೂತು ದಾರಿ ಕಿರಿದಾಗುತ್ತದೆ, ಬಿಸಿಗೆ ತಕ್ಕಂತೆ ನೀರಿನ ಹರಿವನ್ನು ಬಿಟ್ಟು ತಡೆಯುವ ಥರ್ಮೋಸ್ಟಾಟ್ ಸಿಕ್ಕಿಕೊಳ್ಳುತ್ತದೆ, ಎಂಜಿನ್ ವಿಪರೀತ ಬಿಸಿಯಾಗಿ ಸಿಲಿಂಡರಿನ ಮುಚ್ಚಳದಡಿಯ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಆದ್ದರಿಂದ ಮಾರುವವರನ್ನು ಮೊದಲು ಕೇಳಬೇಕಾದದ್ದು ಎಷ್ಟು ವರ್ಷ ಓಡಿಸಿದಿರಿ ಎಂದಲ್ಲ, ಆರಿಸಿದ ಮೇಲೆ ಏನು ಮಾಡುತ್ತಿದ್ದಿರಿ ಎಂದು.

ಹೊಳೆಯಲ್ಲಷ್ಟೇ ಓಡಿಸಿದ್ದು ಎಂದು ಹೇಳಿ ಮಾರುವವರೂ ಇದ್ದಾರೆ. ನಮ್ಮ ಕರಾವಳಿಯ ಮಟ್ಟಿಗೆ ಈ ಮಾತನ್ನು ಅಳೆದು ನೋಡಬೇಕು. ಅಘನಾಶಿನಿಯ ಅಳಿವೆಯಲ್ಲಿ ಮಳೆಗಾಲದಲ್ಲಿ ನೀರು ಸಪ್ಪೆಯಾಗುತ್ತದೆ, ಆದರೆ ಬೇಸಿಗೆಯಲ್ಲಿ ಉಬ್ಬರದೊಂದಿಗೆ ಉಪ್ಪು ಬಹಳ ಒಳಗೆ ಏರುತ್ತದೆ. ಬಳಚು (ಚಿಪ್ಪಿನ ಜೀವಿ) ಹೆಕ್ಕುವ ಜಾಗದಲ್ಲಿ ಓಡಿದ ಎಂಜಿನ್ ಉಪ್ಪುನೀರಿನ ಎಂಜಿನ್ನೇ. ಅಳಿವೆಯ ಮರಳು ನೀರಿನ ಪಂಪಿನ ರಬ್ಬರ್ ಇಂಪೆಲ್ಲರನ್ನು ಸವೆಸುವುದು ಇದರ ಜೊತೆಗಿನ ಹಾನಿ.

ಎಂಜಿನ್ ನೋಡಲು ಹೋಗುವಾಗ ಅದನ್ನು ಮೊದಲೇ ಸ್ಟಾರ್ಟ್ ಮಾಡಿಡಬಾರದೆಂದು ತಿಳಿಸಿ, ಹೋದ ಕೂಡಲೇ ಬ್ಲಾಕ್ ಮುಟ್ಟಿ ತಣ್ಣಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಹೊರಗಿನ ಬಣ್ಣಕ್ಕೆ ಬೆಲೆ ಕೊಡಬೇಡಿ, ಬಣ್ಣದಡಿಯ ಗುಳ್ಳೆಗಳಿಗೆ ಕೊಡಿ: ಗೇರ್‌ಕೇಸ್ (ಪ್ರೊಪೆಲ್ಲರ್ ಕೂತಿರುವ ಕೆಳಭಾಗದ ಗೇರ್ ಪೆಟ್ಟಿಗೆ) ಮೇಲೆ ಗುಳ್ಳೆಯೆದ್ದ ಕಡೆ ಉಗುರಿನಿಂದ ಕೆರೆದಾಗ ಬಿಳಿ ಪುಡಿ ಉದುರಿದರೆ ಒಳಗೆ ಅಲ್ಯೂಮಿನಿಯಂ ಕರಗುತ್ತಿದೆ ಎಂದರ್ಥ. ಅಲ್ಲೇ ಬೋಲ್ಟ್ ಹಾಕಿ ಬಿಗಿದ ಸತುವಿನ ಆ್ಯನೋಡ್ ತುಂಡುಗಳನ್ನೂ ನೋಡಿ. ಎಂಜಿನ್ನಿನ ಮೈಯ ಬದಲು ತಾವೇ ಸವೆಯುವುದು ಅವುಗಳ ಕೆಲಸವಾದ್ದರಿಂದ ಅರ್ಧ ಸವೆದ ಆ್ಯನೋಡ್ ಒಳ್ಳೆಯ ಲಕ್ಷಣ. ಪೂರ್ತಿ ಕರಗಿ ಹೋಗಿದ್ದರೆ ಆಮೇಲಿನ ಪೆಟ್ಟನ್ನೆಲ್ಲ ಗೇರ್‌ಕೇಸ್ ತಿಂದಿದೆ. ಆ್ಯನೋಡ್ ಮೇಲೂ ಬಣ್ಣ ಬಳಿದಿದ್ದರೆ ಅದು ಕೆಲಸವನ್ನೇ ಮಾಡಿಲ್ಲ, ಮತ್ತು ಬಣ್ಣ ಬಳಿದವರಿಗೆ ಎಂಜಿನ್ನಿನ ವಿಷಯ ಹೆಚ್ಚು ತಿಳಿಯದು ಎಂದೂ ಊಹಿಸಬಹುದು.

ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ಹೇಳುವ ಪರೀಕ್ಷೆ ಥರ್ಮೋಸ್ಟಾಟ್ ಮುಚ್ಚಳ ಬಿಚ್ಚುವುದು. ಅಲ್ಯೂಮಿನಿಯಂ ಮೈಯೊಳಗೆ ಕೂತ ಸ್ಟೀಲ್ ಬೋಲ್ಟುಗಳು ಉಪ್ಪುನೀರಿನಲ್ಲಿ ಹಿಡಿದುಕೊಂಡುಬಿಡುತ್ತವೆ. ಅವು ಸರಾಗವಾಗಿ ತಿರುಗಿ ಬಂದರೆ ಯಾರೋ ಕಾಲಕಾಲಕ್ಕೆ ಬಿಚ್ಚಿ ಗ್ರೀಸ್ ಹಚ್ಚಿದ್ದಾರೆ. ಒಳಗೆ ತೆಳ್ಳಗೆ ಬೂದು ಬಣ್ಣವಿದ್ದರೆ ಚಿಂತೆಯಿಲ್ಲ, ಗಟ್ಟಿ ಬಿಳಿ ಹೆಪ್ಪು ಕಂಡರೆ ಸಿಲಿಂಡರಿನ ಸುತ್ತಲೂ ಅದೇ ಸ್ಥಿತಿಯಿದೆ ಎಂದು ತಿಳಿಯಿರಿ. ಆದರೆ ಹಿಡಿದ ಬೋಲ್ಟನ್ನು ಬಲಪ್ರಯೋಗ ಮಾಡಿ ತಿರುಗಿಸಿದರೆ ತಲೆ ಮುರಿದು ಬರುವುದರಿಂದ ಈ ಕೆಲಸವನ್ನು ಮಾರುವವರ ಎದುರಿಗೆ, ಅವರ ಒಪ್ಪಿಗೆ ಪಡೆದು, ಮೆಕ್ಯಾನಿಕ್‌ನ ಕೈಯಿಂದಲೇ ಮಾಡಿಸಬೇಕು.

ಗೇರ್ ಆಯಿಲ್ ತೆಗೆಸುವುದು ಸುಲಭ. ಕೆಳಗಿನ ಸ್ಕ್ರೂ ಸಡಿಲಿಸಿದಾಗ ಮೊದಲು ನೀರು ಬಂದರೆ ಅಥವಾ ಎಣ್ಣೆ ಹಾಲು ಬೆರೆಸಿದ ಚಹಾದಂತೆ ಕಂಡರೆ ನೀರು ಒಳಗೆ ಬಾರದಂತೆ ತಡೆಯುವ ಸೀಲ್ ಹೋಗಿದೆ. ಪ್ರೊಪೆಲ್ಲರ್ ಬಿಚ್ಚಿ ನೋಡಿದರೆ ಅದರ ಹಿಂದೆ ಶಾಫ್ಟಿಗೆ ಸುತ್ತಿಕೊಂಡ ಬಲೆಯ ನೈಲಾನ್ ದಾರ ಎಷ್ಟೋ ಸಲ ಸಿಗುತ್ತದೆ. ಸೀಲನ್ನು ಕತ್ತರಿಸಿದ್ದು ಅದೇ. ಸೀಲ್ ಬದಲಿಸುವುದು ದೊಡ್ಡ ಖರ್ಚಲ್ಲ, ಆದರೆ ಉಪ್ಪುನೀರು ಎಷ್ಟು ತಿಂಗಳಿಂದ ಗೇರ್ ಮತ್ತು ಬೇರಿಂಗ್‌ಗಳ ಮೇಲೆ ನಿಂತಿತ್ತು ಎಂಬುದು ಮುಖ್ಯ.

ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆಯಲ್ಲಿ ಸಿಲಿಂಡರುಗಳ ನಡುವೆ ಶೇಕಡಾ 10ಕ್ಕಿಂತ ಹೆಚ್ಚು ವ್ಯತ್ಯಾಸವಿರಬಾರದು. ಸೀಮೆಎಣ್ಣೆಯ ಎಂಜಿನ್‌ಗಳ ಕಂಪ್ರೆಷನ್ ರಚನೆಯಲ್ಲೇ ಕಡಿಮೆಯಿರುವುದರಿಂದ ಅದನ್ನು ಪೆಟ್ರೋಲ್ ಎಂಜಿನ್ನಿನ ಅಂಕಿಗೆ ಹೋಲಿಸಿ ಗಾಬರಿಯಾಗಬೇಡಿ. ಇಂಥವನ್ನು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ಬದಲಿಸುವುದು ವಾಡಿಕೆ. ಒಳಗೆ ಸೀಮೆಎಣ್ಣೆ ಉಳಿಯದಂತೆ, ಆರಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತರುತ್ತಿದ್ದರೋ ಇಲ್ಲವೋ ಕೇಳಿ. ಓಡಿಸಿ ನೋಡುವಾಗ ಹಿಂದಿನಿಂದ ಚಿಮ್ಮುವ ನೀರು ಬಡಕಲಾಗಿದ್ದರೆ ಆ ತೂತಿಗೆ ತಂತಿ ತೂರಿಸಿ ಮತ್ತೆ ನೋಡಿ, ಬರೀ ಬಾಯಿ ಕಟ್ಟಿರಲೂಬಹುದು.

ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಎಂಜಿನ್ ಎಲ್ಲಿತ್ತು ಎಂಬುದನ್ನೂ ವಿಚಾರಿಸಿ. ತೊಳೆಯದೆ ಟಾರ್ಪಾಲಿನಡಿ ಎರಡು ತಿಂಗಳು ಮಲಗಿದ ಎಂಜಿನ್‌ಗಿಂತ ಆ ಅವಧಿಯಲ್ಲೂ ಸಿಹಿಯಾದ ಹೊಳೆನೀರಿನಲ್ಲಿ ಓಡುತ್ತಿದ್ದ ಎಂಜಿನ್ ಎಷ್ಟೋ ವಾಸಿ.

ಬೆಲೆ ಮಾತಾಡುವಾಗ ಇಂಪೆಲ್ಲರ್, ಥರ್ಮೋಸ್ಟಾಟ್, ಆ್ಯನೋಡ್, ಗೇರ್ ಸೀಲ್ ನಾಲ್ಕನ್ನೂ ಹೊಸದಾಗಿ ಹಾಕಿಸುವ ಖರ್ಚನ್ನು ಕಳೆದು ಹೇಳಿ. ಬ್ಲಾಕಿನಲ್ಲಿ ಮುರಿದ ಬೋಲ್ಟ್ ಇದ್ದರೆ, ಅಥವಾ ಗೇರ್‌ಕೇಸ್ ಕುಳಿಬಿದ್ದು ಗೋಡೆ ತೆಳುವಾಗಿದ್ದರೆ, ಅದು ಆರು ವರ್ಷದ್ದಿರಲಿ ಎರಡು ವರ್ಷದ್ದಿರಲಿ, ಬಿಡಿಭಾಗದ ಬೆಲೆಗಿಂತ ಹೆಚ್ಚು ಕೊಡಬೇಡಿ.