ಜಾಗ ಅಗ್ಗ, ಆದರೆ ಅಕ್ಕಪಕ್ಕ ಯಾರಿದ್ದಾರೆ?

ಯಾದಗಿರಿ ಕಡೆಯ ಯುವಕರೊಬ್ಬರು ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಸಲು ನನ್ನ ಹತ್ತಿರ ಬಂದಿದ್ದರು. "ಸರ್, ನಮ್ಮ ಕಡೆ ಜಾಗ ಅಗ್ಗ ಅದ. ಸಬ್ಸಿಡಿನೂ ಸಿಗ್ತದ. ಎರಡು ಸಿಎನ್‌ಸಿ ಮಷಿನ್ ಅಲ್ಲೇ ಹಾಕಬೇಕಂತ ಮಾಡೀನಿ" ಎಂದರು. ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಈ ಮಷಿನ್ ಹಾಕಿ ವಾಹನದ ಬಿಡಿಭಾಗ ಮಾಡುವ ಆಸೆ ಅವರದ್ದು.

ಲೆಕ್ಕ ಹಾಕುವ ಮೊದಲು ಅವರನ್ನು ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯಕ್ಕೆ ಕರೆದುಕೊಂಡು ಹೋದೆ. ಒಂದು ಸಣ್ಣ ಶೆಡ್ಡಿನಲ್ಲಿ ಶಾಫ್ಟ್‌ಗಳ ಟರ್ನಿಂಗ್ (ಲೇತಿನಲ್ಲಿ ಕಡೆಯುವುದು) ಮುಗಿದಿತ್ತು. ಗೂಡ್ಸ್ ಆಟೋ ಬಂತು. ಮಾಲೀಕರು ಪುಸ್ತಕದಿಂದ ಜಾಬ್ ವರ್ಕ್ ಚಲನ್ (ಕೆಲಸಕ್ಕೆ ಕಳಿಸುವ ಮಾಲಿನ ಚೀಟಿ) ಹರಿದು ಡ್ರೈವರ್ ಕೈಗಿಟ್ಟರು. ಎರಡು ರಸ್ತೆ ಆಚೆ, ಲೋಹ ಕಾಯಿಸಿ ಗಟ್ಟಿ ಮಾಡುವ ಹೀಟ್ ಟ್ರೀಟ್‌ಮೆಂಟ್. ಮರುದಿನ ಅಲ್ಲಿಂದ ಗ್ರೈಂಡಿಂಗ್‌ಗೆ, ಆಮೇಲೆ ಲೋಹದ ಲೇಪ ಕೊಡುವ ಪ್ಲೇಟಿಂಗ್‌ಗೆ. ನಾಲ್ಕು ಕೈ ದಾಟಿದ ಮಾಲು ಆ ಏರಿಯಾ ಬಿಟ್ಟು ಆಚೆ ಹೋಗಲೇ ಇಲ್ಲ. ಅಷ್ಟರಲ್ಲಿ ಪಕ್ಕದ ಶೆಡ್ಡಿನ ಮಷಿನ್ ಕೆಟ್ಟಿತು. ಸರ್ವಿಸ್ ಹುಡುಗ ಊಟದ ಹೊತ್ತಿಗೆ ಮುಂಚೆ ಬಂದು ಬೇರಿಂಗ್ ಹಾಕಿ ಹೋದ. ಇದೇ ಕೆಲಸಕ್ಕೆ ಯಾದಗಿರಿಯಲ್ಲಿ ಎಷ್ಟು ದಿನ ಮಷಿನ್ ನಿಲ್ಲಬೇಕು? ಜಾಗದಲ್ಲಿ ಉಳಿಸಿದ ದುಡ್ಡು ಹೀಗೆ ಸೋರಿ ಹೋಗುತ್ತದೆ.

ಈ ಅಕ್ಕಪಕ್ಕ ಒಂದು ದಿನದಲ್ಲಿ ಹುಟ್ಟಿದ್ದಲ್ಲ. ಶಿವನಸಮುದ್ರದ ಕರೆಂಟು 1905ರಲ್ಲೇ ಬೆಂಗಳೂರಿಗೆ ಬಂತು. ಆಮೇಲೆ 1940ರಲ್ಲಿ ವಿಮಾನದ ಎಚ್‌ಎಎಲ್, 1948ರಲ್ಲಿ ಟೆಲಿಫೋನಿನ ಐಟಿಐ, 1953ರಲ್ಲಿ ಯಂತ್ರ ಮಾಡುವ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸಿನ ಬಿಇಎಲ್. ಅಲ್ಲಿ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಲೆಕ್ಕದಲ್ಲಿ ಕೆಲಸ ಕಲಿತವರು ಎಷ್ಟೋ ಜನ ಹೊರಗೆ ಬಂದು ಸ್ವಂತ ಲೇತ್ ಹಾಕಿದರು. ಕೈಕಸುಬು ಹೀಗೆ ಹರಡಿದ್ದೂ ಪೀಣ್ಯ ಬೆಳೆಯಲು ಒಂದು ಕಾರಣ.

ಎಲ್ಲ ಉದ್ಯಮವೂ ಹೀಗೆ ಅಕ್ಕಪಕ್ಕ ನೋಡುವುದಿಲ್ಲ. ಕೆಲವಕ್ಕೆ ಕಚ್ಚಾ ಮಾಲೇ ಯಜಮಾನ. 100 ಟನ್ ಕಬ್ಬು ಅರೆದರೆ ಸಿಗುವ ಸಕ್ಕರೆ ಸುಮಾರು 10 ಟನ್. ಕಡಿದ ಕಬ್ಬು ತಡವಾದಷ್ಟೂ ಸಿಹಿ ಇಳಿಯುತ್ತದೆ. ಅದಕ್ಕೇ ಬೆಳಗಾವಿ, ಬಾಗಲಕೋಟೆ, ಮಂಡ್ಯದಲ್ಲಿ ಗದ್ದೆಯ ಹತ್ತಿರವೇ ಫ್ಯಾಕ್ಟರಿ. ಸೇಡಂ, ಮಳಖೇಡದಲ್ಲಿ ಸಿಮೆಂಟ್ ಇರುವುದು ಕಾಲಡಿಯ ಸುಣ್ಣದ ಕಲ್ಲಿನಿಂದ.

ಹಾಗಾದರೆ ಅದಿರು, ಕಲ್ಲಿದ್ದಲು ಎರಡೂ ಇದ್ದ ಆಗಿನ ಬಿಹಾರ (ಈಗಿನ ಜಾರ್ಖಂಡ್ ಸೇರಿ) ಯಾಕೆ ಹಿಂದುಳಿಯಿತು? ಜಮ್ಷೆಡ್‌ಪುರದ ಉಕ್ಕಿನ ಕಾರ್ಖಾನೆ 1907ರಲ್ಲಿ ಶುರುವಾದ ಕಂಪನಿಯದ್ದು. ಅದರ ಸುತ್ತ ಯಂತ್ರ ಮಾಡುವ ನೂರಾರು ಊರುಗಳು ಏಳಬೇಕಿತ್ತು. ಆದರೆ 1950ರ ದಶಕದಲ್ಲಿ ಕೇಂದ್ರ ಸರ್ಕಾರ ಸಾಗಣೆ ದರ ಸಮೀಕರಣ ನೀತಿ ತಂದಿತು. ಉಕ್ಕು ದೇಶದ ಯಾವ ಮೂಲೆಗೆ ಹೋದರೂ ಹೆಚ್ಚುಕಡಿಮೆ ಒಂದೇ ಬೆಲೆ. ಕಾರ್ಖಾನೆ ಗೇಟಿನ ಎದುರು ಇರುವವರಿಗೂ ಅದೇ, ಮುಂಬೈಯವರಿಗೂ ಅದೇ! ಬಂದರು, ಪೇಟೆ ಇರುವ ಕಡೆಗೆ ಕಾರ್ಖಾನೆಗಳು ಹೋದವು. ಆದರೆ ಹತ್ತಿಗೆ ಇಂಥ ಸಮಾನ ದರ ಇರಲಿಲ್ಲ, ಆ ಲಾಭ ಹತ್ತಿ ಬೆಳೆಯುವ ರಾಜ್ಯಗಳಲ್ಲೇ ಉಳಿಯಿತು. ನೀತಿ ಮುಗಿಯುವಾಗ 1990ರ ದಶಕ ಬಂದಿತ್ತು. ಬಿಹಾರದ ಹುಡುಗರು ನಮ್ಮ ಶೆಡ್ಡುಗಳಲ್ಲಿ ದುಡಿಯುವುದನ್ನು ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ. ಇದು ದೊಡ್ಡ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ನಮ್ಮ ರಾಜ್ಯದೊಳಗೂ ಅಂತರ ಕಡಿಮೆಯೇನಲ್ಲ. ಪ್ರಾದೇಶಿಕ ಅಸಮತೋಲನದ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿಯ 2002ರ ವರದಿ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತ್ತು. ಅಂಥ ಕಡೆ ಸುಮ್ನೆ ನಿವೇಶನ ಹಂಚಿದರೆ ಸಾಲದು. ನೂರು ನಿವೇಶನದ ಜೊತೆ ಎಲ್ಲರೂ ಬಳಸುವ ಒಂದು ಹೀಟ್ ಟ್ರೀಟ್‌ಮೆಂಟ್ ಘಟಕ, ಅಚ್ಚು, ಉಪಕರಣ ಮಾಡಿಕೊಡುವ ಒಂದು ಟೂಲ್ ರೂಮ್ ಕೊಡಿ. ಮಷಿನ್‌ಗಳು ತಾವಾಗಿ ಬರುತ್ತವೆ.

ಆ ಯುವಕರಿಗೆ ಊರು ಬಿಡಿ ಅಂತ ಹೇಳಲು ನನಗೆ ಮನಸ್ಸು ಬರಲಿಲ್ಲ. ಕೂತು ಯೋಜನೆ ಬದಲಾಯಿಸಿದೆವು. ಅವರ ಸುತ್ತ ತೊಗರಿ ಬೇಳೆ ಮಿಲ್ಲುಗಳಿವೆ ಅಲ್ವಾ? ಆ ಮಿಲ್ಲುಗಳಲ್ಲಿ ಕಾಳಿನ ಸಿಪ್ಪೆ ತೆಗೆಯುವ ಎಮರಿ ರೋಲರ್ ಸವೆಯುತ್ತದೆ, ಕಾಳು ಮೇಲೆತ್ತುವ ಎಲಿವೇಟರ್ ಬಕೆಟ್ ಹರಿಯುತ್ತದೆ, ಶಾಫ್ಟ್ ಬಾಗುತ್ತದೆ. ಸೀಸನ್‌ನಲ್ಲಿ ಒಂದು ದಿನ ನಿಂತರೂ ಅವರಿಗೆ ನಷ್ಟ. ಅಲ್ಲಿ ಈ ಯುವಕರೇ ಪಕ್ಕದ ಮನೆಯವರು. ಎರಡು ಸಿಎನ್‌ಸಿ ಬದಲು ಒಂದು ದೊಡ್ಡ ಲೇತ್, ವೆಲ್ಡಿಂಗ್ ಸೆಟ್, ರೋಲರ್‌ಗೆ ಎಮರಿ ಕಟ್ಟುವ ವ್ಯವಸ್ಥೆ. ಬ್ಯಾಂಕಿಗೆ ವರ್ಕಿಂಗ್ ಕ್ಯಾಪಿಟಲ್ (ದಿನನಿತ್ಯದ ವ್ಯವಹಾರದ ಬಂಡವಾಳ) ಮಾತ್ರ ಪೀಣ್ಯದವರಿಗಿಂತ ಜಾಸ್ತಿ ಬರೆದೆ.

"ಯಾಕ್ರಿ ಸರ್?" ಎಂದರು.

"ಬೇರಿಂಗ್ ಅಂಗಡಿ ಹತ್ತಿರ ಇಲ್ಲವಲ್ಲ, ಆರು ತಿಂಗಳಿಗಾಗುವಷ್ಟು ನೀವೇ ಇಟ್ಟುಕೊಳ್ಳಬೇಕು" ಎಂದೆ.