ಪಾವು, ಕಪ್, ಚಮಚ: ಅಡುಗೆ ಅಳತೆ ಬಗ್ಗೆ ನನ್ನ ಟಿಪ್ಪಣಿ

ಕೇಕ್ ಕಲಿಯೋಕೆ ಶುರು ಮಾಡಿದ ಮೊದಲ ವಾರವೇ ಒಂದು ಕೇಕು ಕಸದ ಬುಟ್ಟಿಗೆ ಹೋಯಿತು. ಅಡುಗೆ ಸೋಡಾ ಒಂದು ಟೀ ಚಮಚ ಅಂತಿತ್ತು, ನಾನು ಟೇಬಲ್ ಚಮಚದಲ್ಲಿ ಹಾಕಿದ್ದೆ. ಬಾಯಿಗಿಟ್ಟರೆ ಸೋಪು ನೆಕ್ಕಿದ ಹಾಗೆ. ಹಾಗಾಗಿ ಮೊದಲು ಇದನ್ನು ಬರೆದುಕೊಳ್ಳಿ: ಟೀ ಚಮಚ 5 ಮಿ.ಲೀ., ಟೇಬಲ್ ಚಮಚ 15 ಮಿ.ಲೀ. ಮೂರು ಚಿಕ್ಕದು ಸೇರಿದರೆ ಒಂದು ದೊಡ್ಡದು. ಮನೆಯಲ್ಲಿ ಊಟಕ್ಕಿಡುವ ಚಮಚವನ್ನು ಸುಮ್ನೆ ನಂಬಬೇಡಿ, ಕೆಮ್ಮಿನ ಸಿರಪ್ ಜೊತೆ ಬರುವ ಗೆರೆ ಇರುವ ಮುಚ್ಚಳದಲ್ಲಿ 5 ಮಿ.ಲೀ. ನೀರು ಹಿಡಿದು ಅದಕ್ಕೆ ಸುರಿದು ನೋಡಿ, ಗೊತ್ತಾಗುತ್ತೆ.

ಕಪ್ಪಿನದು ಇನ್ನೊಂದು ರಗಳೆ. ಅಮೆರಿಕದವರ ರೆಸಿಪಿಯಲ್ಲಿ ಕಪ್ ಅಂದರೆ ಸುಮಾರು 240 ಮಿ.ಲೀ., ಆಸ್ಟ್ರೇಲಿಯಾದಲ್ಲಿ 250. (ಅವರ ಟೇಬಲ್ ಚಮಚವೂ 20 ಮಿ.ಲೀ., ಯಾಕೋ ಏನೋ.) ನಿಮ್ಮ ಹತ್ರ ಇರೋದು ಯಾವುದು? ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಒಡೆದು ಎರಡು ಕಪ್ ತುಂಬಿಸಿ. ಪ್ಯಾಕೆಟ್ ಪೂರ್ತಿ ಖಾಲಿ ಆದರೆ 250ರದ್ದು. ನಾಲ್ಕು ಟೀ ಚಮಚದಷ್ಟು ಹಾಲು ಉಳಿದರೆ 240ರದ್ದು. 240ರ ಕಪ್ ಅಂದರೆ 16 ಟೇಬಲ್ ಚಮಚ, ಅರ್ಧಕ್ಕೆ 8, ಕಾಲಿಗೆ 4. ಮೂರನೇ ಒಂದು ಕಪ್ ಕೇಳಿದಾಗ ಮಾತ್ರ ತಲೆ ಕೆಡುತ್ತೆ: 80 ಮಿ.ಲೀ., ಅಂದರೆ 5 ಟೇಬಲ್ ಚಮಚದ ಮೇಲೆ ಒಂದು ಟೀ ಚಮಚ.

ಈಗ ನಮ್ಮ ಪಾವಿಗೆ ಬನ್ನಿ. ನಾಲ್ಕು ಪಾವಿಗೆ ಒಂದು ಸೇರು, ಎರಡು ಪಾವಿಗೆ ಅಚ್ಚೇರು, ಪಾವಿನಲ್ಲಿ ಕಾಲು ಭಾಗ ಚಟಾಕು. ಕಿಲೋ, ಲೀಟರಿಗೆ 1956ರಲ್ಲೇ ಕಾಯ್ದೆ ಆಯಿತು, ಆದರೆ ದಾವಣಗೆರೆಯಲ್ಲಿ ಮಂಡಕ್ಕಿ ಕೇಳುವಾಗ ಬಾಯಿಗೆ ಬರೋದು ಸೇರೇ. ಇದು ಅಳತೆಯ ಸೇರು, ನೆನಪಿರಲಿ. 80 ತೊಲದ ತೂಕದ ಸೇರು ಬೇರೆ, ಅದು ಸುಮಾರು 933 ಗ್ರಾಂ. ಅಳತೆಯನ್ನು ತೂಕ ಅಂದುಕೊಂಡರೆ ಏನಾಗುತ್ತೆ ಅಂತ ತಿಳಿಯೋಕೆ ಮಂಡಕ್ಕಿಗಿಂತ ಒಳ್ಳೆ ಪಾಠ ಇಲ್ಲ: ಒಂದು ಕಪ್ ನೀರು 240 ಗ್ರಾಂ, ಸಕ್ಕರೆ ಸುಮಾರು 200, ಮೈದಾ 120ರ ಆಸುಪಾಸು, ಮಂಡಕ್ಕಿ 15 ಗ್ರಾಂ ತೂಗಿದರೆ ಹೆಚ್ಚು! ಮೈದಾ ಒತ್ತಿ ತುಂಬಿದರೆ ಇನ್ನೂ ಜಾಸ್ತಿ ಹಿಡಿಯುತ್ತೆ, ಅದಕ್ಕೇ ಸಡಿಲವಾಗಿ ತುಂಬಿ ಮೇಲೆ ಚಾಕುವಿನಿಂದ ಸವರಬೇಕು.

ಹಾಗಾದರೆ ಅಜ್ಜಿಯ ಬೆಣ್ಣೆ ದೋಸೆ ಹಿಟ್ಟು ಯಾಕೆ ಒಂದು ಸಲವೂ ಕೆಡಲ್ಲ? ನಾಲ್ಕು ಪಾವು ಅಕ್ಕಿ, ಒಂದು ಪಾವು ಉದ್ದು, ಒಂದು ಪಾವು ಮಂಡಕ್ಕಿ, ಎಲ್ಲಕ್ಕೂ ಅದೇ ಪಾವು. ಪಾವು ಚಿಕ್ಕದಿರಲಿ ದೊಡ್ಡದಿರಲಿ, ಪ್ರಮಾಣ ಹಾಗೇ ಇರುತ್ತೆ, ಅಲ್ವಾ? ತೊಂದರೆ ಶುರುವಾಗೋದು ಅಕ್ಕಿಯನ್ನು ಪಾವಿನಲ್ಲಿ, ಉದ್ದನ್ನು ಕಪ್ಪಿನಲ್ಲಿ ಅಳೆದಾಗ. ಪಾವು ಊರಿಂದೂರಿಗೆ, ಮನೆಯಿಂದ ಮನೆಗೆ ಬೇರೆ. ನೀರು ತುಂಬಿ ಎಷ್ಟು ಮಿ.ಲೀ. ಅಂತ ಒಮ್ಮೆ ಅಳೆದು ಬರೆದಿಟ್ಟುಕೊಳ್ಳಿ. ನಾನು ನಮ್ಮನೆ ಹಿತ್ತಾಳೆ ಪಾವಿನ ತಳದಲ್ಲೇ ಮಾರ್ಕರ್‌ನಿಂದ ಬರೆದಿದ್ದೆ. ಸಂಜೆ ಅಜ್ಜಿ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದಿಟ್ಟಿದ್ದರು.