ಬ್ರಿಟನ್ನಿನ ಚುನಾವಣೆ ಯಾವಾಗ? ಛತ್ರ ಹುಡುಕುವವರನ್ನು ಕೇಳಿ

2024ರ ಮೇ 22ರ ಸಂಜೆ ಲಂಡನ್ನಿನಲ್ಲಿ ಜೋರು ಮಳೆ. ಪ್ರಧಾನಿ ರಿಷಿ ಸುನಕ್ ಕೊಡೆಯಿಲ್ಲದೆ ತಮ್ಮ ನಿವಾಸದ ಮುಂದೆ ನಿಂತು, ಜುಲೈ 4ಕ್ಕೆ ಸಾರ್ವತ್ರಿಕ ಚುನಾವಣೆ ಎಂದು ಘೋಷಿಸಿದರು. ತೊಯ್ದ ಕೋಟಿನ ಆ ಚಿತ್ರವನ್ನು ಜಗತ್ತೆಲ್ಲ ನೋಡಿತು. ಇಂಗ್ಲೆಂಡಿನ ಒಂದು ಸ್ಥಳೀಯ ಆಡಳಿತದ ಚುನಾವಣಾ ವಿಭಾಗದಲ್ಲಿ ಕೆಲಸ ಮಾಡುವ ನಾನು ಆ ಹೊತ್ತಿಗೆ ಕ್ಯಾಲೆಂಡರ್ ಮುಂದಿಟ್ಟುಕೊಂಡು ದಿನ ಎಣಿಸುತ್ತಿದ್ದೆ. ಮೇ 2ರ ಸ್ಥಳೀಯ ಚುನಾವಣೆ ಮುಗಿದು ಮೂರು ವಾರವೂ ಆಗಿರಲಿಲ್ಲ.

ಅದಕ್ಕೆ ಮುಂಚಿನ ಒಂದು ವರ್ಷವಿಡೀ ನನ್ನನ್ನು ಕಂಡವರೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: ‘ಚುನಾವಣೆ ಯಾವಾಗ?’ ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿಯೂ ಅದೇ. ಕಚೇರಿಯವರಿಗೆ ಗುಟ್ಟು ತಿಳಿದಿರುತ್ತದೆ ಎಂಬುದು ಜನರ ನಂಬಿಕೆ. ನಮಗೆ ಯಾರೂ ಏನೂ ಹೇಳುವುದಿಲ್ಲ. ಮುಹೂರ್ತ ಗೊತ್ತಿಲ್ಲದ ಮದುವೆಗೆ ಛತ್ರ ಹುಡುಕುವವರು ನಾವು.

ಮುಹೂರ್ತ ಇಡುವ ಅಧಿಕಾರ ಯಾರದು ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಭಾರತದ ಪದ್ಧತಿಗೆ ಒಗ್ಗಿದವರು ಇಲ್ಲಿ ಎಡವುತ್ತಾರೆ. ಭಾರತದಲ್ಲಿ ಸರ್ಕಾರ ಸದನವನ್ನು ಅವಧಿಗೆ ಮುನ್ನ ವಿಸರ್ಜಿಸಬಹುದು, ಆದರೆ ಮತದಾನದ ದಿನ ಗೊತ್ತು ಮಾಡುವುದು ಚುನಾವಣಾ ಆಯೋಗ. ಬ್ರಿಟನ್ನಿನಲ್ಲಿ 2011ರ ಕಾಯ್ದೆಯೊಂದು ಐದು ವರ್ಷದ ಸ್ಥಿರ ಅವಧಿಯನ್ನು ತಂದಿತ್ತು. 2022ರಲ್ಲಿ ಅದನ್ನು ರದ್ದುಪಡಿಸಿ ಹಳೆಯ ಪದ್ಧತಿಗೆ ಮರಳಿದರು. ಈಗ ಪ್ರಧಾನಿ ದೊರೆಯನ್ನು ಕೇಳಿಕೊಂಡರೆ ಸಂಸತ್ತು ವಿಸರ್ಜನೆಯಾಗುತ್ತದೆ. ಅಲ್ಲಿಂದ 25 ಕೆಲಸದ ದಿನಗಳಿಗೆ ಮತದಾನ. ಓಟದ ಸ್ಪರ್ಧಿಯೊಬ್ಬನ ಕೈಗೇ ಸೀಟಿ ಕೊಟ್ಟಂತೆ ಇದು. ತಪ್ಪು ಎಂದೇ ನನ್ನ ಅಭಿಪ್ರಾಯ.

ಆ ಸಲದ ಕೊನೆಯ ಗಡುವು ಎಲ್ಲರಿಗೂ ಗೊತ್ತಿತ್ತು. ಹಿಂದಿನ ಸಂಸತ್ತು ಮೊದಲು ಸೇರಿದ್ದು 2019ರ ಡಿಸೆಂಬರ್ 17ರಂದು. ಯಾರೂ ಏನೂ ಮಾಡದಿದ್ದರೂ 2024ರ ಡಿಸೆಂಬರ್ 17ಕ್ಕೆ ಅದು ತಾನಾಗಿ ವಿಸರ್ಜನೆಯಾಗಬೇಕು. ಕ್ರಿಸ್ಮಸ್ ರಜೆಗಳನ್ನು ಬಿಟ್ಟು 25 ದಿನ ಎಣಿಸಿದರೆ 2025ರ ಜನವರಿ 28. ಜನಪ್ರಿಯತೆ ಕುಸಿದ ಸರ್ಕಾರ ಕೊನೆಯವರೆಗೂ ಕಾಯುತ್ತದೆ ಎಂಬ ಲೆಕ್ಕದಲ್ಲಿ ಬಹಳ ಜನ ಶರತ್ಕಾಲದತ್ತ ಬೊಟ್ಟು ಮಾಡಿದರು. ಲೆಕ್ಕ ಸುಮ್ಮನೆ ಹುಟ್ಟಿದ್ದಲ್ಲ. 1978ರ ಸೆಪ್ಟೆಂಬರಿನಲ್ಲಿ ಆಗಿನ ಪ್ರಧಾನಿ ಜೇಮ್ಸ್ ಕ್ಯಾಲಹನ್ ಚುನಾವಣೆ ಘೋಷಿಸುತ್ತಾರೆಂದು ದೇಶವೇ ಕಾದಿತ್ತು. ಅವರು ಮುಂದಕ್ಕೆ ಹಾಕಿದರು. ಚಳಿಗಾಲ ಮುಷ್ಕರಗಳಲ್ಲಿ ಕಳೆಯಿತು. ಮಾರ್ಚ್ 28ರಂದು ಅವಿಶ್ವಾಸ ನಿರ್ಣಯದಲ್ಲಿ 311ಕ್ಕೆ 310, ಒಂದೇ ಮತದಿಂದ ಸರ್ಕಾರ ಬಿದ್ದಿತು. ಮೇ 3ರ ಚುನಾವಣೆ ಗೆದ್ದು ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾದರು. ಆಮೇಲಿನ ಪ್ರಧಾನಿಗಳಲ್ಲಿ ಜಾನ್ ಮೇಜರ್ ಅವಧಿಯ ಅಂಚಿನವರೆಗೆ ಕಾದು 1997ರ ಮೇ 1ರಂದು ಸೋತರು. 2007ರ ಅಕ್ಟೋಬರಿನಲ್ಲಿ ಇನ್ನೇನು ಚುನಾವಣೆ ಎಂಬಂತೆ ಸುದ್ದಿ ಹಬ್ಬಿದ ಮೇಲೆ ಹಿಂದೆ ಸರಿದ ಗಾರ್ಡನ್ ಬ್ರೌನ್ 2010ರ ಮೇ ತಿಂಗಳವರೆಗೆ ಎಳೆದು ಅಧಿಕಾರ ಕಳೆದುಕೊಂಡರು. ಕಾದವರಿಗೆ ಕಾಲ ಒಲಿಯಲಿಲ್ಲ.

ನಮ್ಮಂಥವರು ನೋಡುವ ಗುರುತುಗಳೇ ಬೇರೆ. ಸಾರ್ವತ್ರಿಕ ಚುನಾವಣೆಗೆ ಇಲ್ಲಿ ಗುರುವಾರವೇ ರೂಢಿ. ಹೀಗಾಗಿ ವರ್ಷಕ್ಕೆ ಐವತ್ತೆರಡೋ ಐವತ್ತಮೂರೋ ದಿನಗಳು ಮಾತ್ರ ಉಳಿಯುತ್ತವೆ. ಅವುಗಳಲ್ಲಿ ಕ್ರಿಸ್ಮಸ್ ಆಸುಪಾಸಿನವು, ಆಗಸ್ಟ್ ರಜೆಯವು ಕಷ್ಟ. 650 ಕ್ಷೇತ್ರಗಳ ಹೊಸ ಗಡಿಗಳು ಜಾರಿಗೆ ಬಂದದ್ದು 2023ರ ನವೆಂಬರಿನಲ್ಲಿ. ಅದಕ್ಕೆ ತಕ್ಕಂತೆ ಮತದಾರರ ಪಟ್ಟಿ ಹೊಂದಿಸಿಕೊಂಡ ಮೇಲೆ ಯಾವ ಗುರುವಾರವಾದರೂ ನಮಗೆ ನಡೆಯುತ್ತಿತ್ತು. ಮೇ 2ಕ್ಕೆ ಸಾರ್ವತ್ರಿಕ ಚುನಾವಣೆಯೂ ಆಗಬೇಕಿದ್ದರೆ ಮಾರ್ಚ್ 26ರೊಳಗೆ ವಿಸರ್ಜನೆಯಾಗಬೇಕಿತ್ತು. ಆ ದಿನ ಚುನಾವಣೆ ಇಲ್ಲವೆಂದು ಸುನಕ್ ಮಾರ್ಚ್ ಮಧ್ಯದಲ್ಲಿ ಹೇಳಿದಾಗ ನಾನು ಶಾಲೆ, ಚರ್ಚ್, ಸಮುದಾಯ ಭವನಗಳಿಗೆ ಮತ್ತೊಂದು ಸುತ್ತು ಪತ್ರ ಬರೆದೆ: ‘ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಗುರುವಾರಗಳಲ್ಲಿ ಮತಗಟ್ಟೆಗೆ ನಿಮ್ಮ ಸಭಾಂಗಣ ಸಿಗುವುದೇ?’ ನಾನೂ ಶರತ್ಕಾಲವನ್ನೇ ನಂಬಿದ್ದೆ. ವರ್ಷದ ಉತ್ತರಾರ್ಧದಲ್ಲಿ ಚುನಾವಣೆ ಎಂಬ ಲೆಕ್ಕಾಚಾರದಲ್ಲಿದ್ದೇನೆ ಎಂದು ಸುನಕ್ ಜನವರಿಯಲ್ಲಿಯೇ ಹೇಳಿದ್ದರು. ಜುಲೈ 4 ಉತ್ತರಾರ್ಧದ ನಾಲ್ಕನೆಯ ದಿನ ಎಂಬುದು ಯಾರಿಗೂ ಹೊಳೆಯಲಿಲ್ಲ.

ಘೋಷಣೆಯ ಬೆಳಿಗ್ಗೆ ಹಣದುಬ್ಬರ ಶೇ 2.3ಕ್ಕೆ ಇಳಿದ ಅಂಕಿ ಹೊರಬಂದಿತ್ತು. ಇದಕ್ಕಿಂತ ಒಳ್ಳೆಯ ಸುದ್ದಿ ಮುಂದೆ ಬಾರದು ಎಂದು ಅವರ ಬಳಗ ಎಣಿಸಿರಬೇಕು. ಫಲಿತಾಂಶದಲ್ಲಿ ಅವರ ಕನ್ಸರ್ವೇಟಿವ್ ಪಕ್ಷಕ್ಕೆ ಸಿಕ್ಕಿದ್ದು 121 ಸ್ಥಾನ. ಶರತ್ಕಾಲದವರೆಗೆ ಕಾದಿದ್ದರೆ ಕಡಿಮೆಯಾಗುತ್ತಿತ್ತೋ ಹೆಚ್ಚಾಗುತ್ತಿತ್ತೋ, ಆ ಚರ್ಚೆ ನನ್ನದಲ್ಲ.

ನನ್ನ ಚಿಂತೆ ಮತದಾರರದು. ಮೇ 30ಕ್ಕೆ ವಿಸರ್ಜನೆ, ಪಟ್ಟಿಗೆ ಹೆಸರು ಸೇರಿಸಲು ಜೂನ್ 18 ಕೊನೆ, ಅಂಚೆ ಮತಕ್ಕೆ ಅರ್ಜಿ ಜೂನ್ 19ರವರೆಗೆ, ತಮ್ಮ ಪರವಾಗಿ ಇನ್ನೊಬ್ಬರನ್ನು ಮತಗಟ್ಟೆಗೆ ಕಳುಹಿಸುವ ಪ್ರಾಕ್ಸಿ ಅರ್ಜಿಗೆ ಜೂನ್ 26ರ ಸಂಜೆ ಐದು ಗಂಟೆ. ಅಭ್ಯರ್ಥಿಗಳ ಪಟ್ಟಿ ಅಂತಿಮವಾಗದೆ ಮತಪತ್ರ ಮುದ್ರಿಸುವಂತಿಲ್ಲ. ಮುದ್ರಿಸಿ, ಲಕೋಟೆ ತುಂಬಿ ಅಂಚೆಗೆ ಹಾಕುವಷ್ಟರಲ್ಲಿ ಜನ ರಜೆಗೆ ಹೊರಟಿರುತ್ತಾರೆ. ಸ್ಕಾಟ್ಲೆಂಡಿನಲ್ಲಿ ಆ ಹೊತ್ತಿಗೆ ಶಾಲೆಗಳ ಬೇಸಿಗೆ ರಜೆಯೇ ಆರಂಭವಾಗಿತ್ತು. ಅಂಚೆ ಮತ ಕೈಸೇರಲಿಲ್ಲ ಎಂಬ ದೂರು ಅಲ್ಲಿ ಹೆಚ್ಚು ಕೇಳಿಬಂತು.

ನಮ್ಮ ಊರಿನಲ್ಲಿಯೂ ಒಂದು ಕನ್ನಡ ಕುಟುಂಬ. ಮೈಸೂರಿನ ಮದುವೆಗೆಂದು ಜನವರಿಯಲ್ಲಿಯೇ ಟಿಕೆಟ್ ಕೊಂಡಿದ್ದರು, ಜೂನ್ ಕೊನೆಯ ವಾರದ ಪ್ರಯಾಣ. ಅಂಚೆ ಮತಕ್ಕೆ ಸಕಾಲದಲ್ಲಿಯೇ ಅರ್ಜಿ ಹಾಕಿದ್ದರು. ಅವರು ವಿಮಾನ ಹತ್ತಿದ ಮಾರನೆಯ ದಿನ ಲಕೋಟೆ ಮನೆಯ ಬಾಗಿಲಿಗೆ ಬಂತಂತೆ. ಪಕ್ಕದ ಮನೆಯವರಿಂದ ಸುದ್ದಿ ತಿಳಿದು ಆ ಮನೆಯ ತಾಯಿ ಮೈಸೂರಿನಿಂದ ಕರೆ ಮಾಡಿದರು. ‘ಅಣ್ಣಾ, ಪ್ರಾಕ್ಸಿ ಹಾಕಿಕೊಡುವುದಕ್ಕೆ ಆಗುವುದಿಲ್ಲವೇ?’ ಗಡುವು ದಾಟಿತ್ತು. ಆಮೇಲಿನ ತುರ್ತು ಪ್ರಾಕ್ಸಿ ಅನಾರೋಗ್ಯ, ಕೆಲಸದ ಅನಿವಾರ್ಯದಂಥ ಕೆಲವೇ ಕಾರಣಗಳಿಗೆ; ಮದುವೆ ಅವುಗಳಲ್ಲಿ ಇಲ್ಲ. ಹಾಗೆಂದು ಹೇಳಿ ಫೋನ್ ಇಟ್ಟ ಮೇಲೆ ಬಹಳ ಹೊತ್ತು ನನಗೆ ಬೇರೆ ಕೆಲಸಕ್ಕೆ ಕೈ ಹೋಗಲಿಲ್ಲ. ಆ ತಾಯಿ ಬ್ರಿಟನ್ನಿನಲ್ಲಿ ಮೊದಲ ಸಲ ಮತ ಹಾಕುವವರಿದ್ದರು.

ಹೌದು, ಅವರದು ಭಾರತದ ಪಾಸ್‌ಪೋರ್ಟ್. ಇದು ಬಹಳ ಜನರಿಗೆ ಗೊತ್ತಿಲ್ಲ: ಕಾನೂನುಬದ್ಧವಾಗಿ ಇಲ್ಲಿ ನೆಲೆಸಿರುವ ಕಾಮನ್‌ವೆಲ್ತ್ ದೇಶಗಳ ನಾಗರಿಕರು ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಮತಗಟ್ಟೆಯಲ್ಲಿ ಭಾವಚಿತ್ರದ ಗುರುತಾಗಿ ಭಾರತದ ಪಾಸ್‌ಪೋರ್ಟನ್ನೇ ತೋರಿಸಬಹುದು. ವಿದ್ಯಾರ್ಥಿಗಳಿಗೂ ಇದು ಅನ್ವಯಿಸುತ್ತದೆ. ಹೀಗಾಗಿ ‘ಯಾವಾಗ?’ ಎಂದು ಕೇಳಿದ ಕನ್ನಡಿಗರಿಗೆಲ್ಲ ನಾನು ಮರುಪ್ರಶ್ನೆ ಹಾಕುತ್ತೇನೆ: ಪಟ್ಟಿಯಲ್ಲಿ ಹೆಸರಿದೆಯೇ? ಮನೆ ಬದಲಿಸಿದ ಮೇಲೆ ಮತ್ತೆ ಸೇರಿಸಿದಿರಾ? ಊರಿಗೆ ಹೋಗುವ ಸಾಧ್ಯತೆ ಇದ್ದರೆ ಅಂಚೆ ಮತವನ್ನು ನೆಚ್ಚಬೇಡಿ, ನಂಬಿಕೆಯ ಒಬ್ಬರಿಗೆ ಪ್ರಾಕ್ಸಿ ಕೊಡಿ.

ಊಹೆಗೂ ಒಂದು ಮಿತಿ ಇರಬೇಕು. 2024ರಲ್ಲಿ ಒಳಗಿನ ಗುಟ್ಟು ಬಳಸಿ ಚುನಾವಣೆಯ ದಿನಾಂಕದ ಮೇಲೆ ಬಾಜಿ ಕಟ್ಟಿದರೆಂಬ ಪ್ರಕರಣದಲ್ಲಿ ಮರುವರ್ಷ 15 ಮಂದಿಯ ಮೇಲೆ ಆರೋಪ ಹೊರಿಸಲಾಯಿತು. ದಿನಾಂಕ ಒಬ್ಬರ ಜೇಬಿನಲ್ಲಿರುವವರೆಗೆ ಅದನ್ನು ಮೊದಲೇ ತಿಳಿಯುವುದಕ್ಕೆ ಬೆಲೆ ಇದ್ದೇ ಇರುತ್ತದೆ. ಮತದಾನಕ್ಕೆ ಕನಿಷ್ಠ ಮೂರು ತಿಂಗಳ ಮುಂಚೆ ದಿನ ಪ್ರಕಟಿಸಬೇಕೆಂದು ಕಾಯ್ದೆ ಬಂದರೆ ಪ್ರಧಾನಿಯ ಕೈಯಿಂದ ಒಂದು ಅಸ್ತ್ರ ಹೋಗುತ್ತದೆ, ಮೈಸೂರಿನಿಂದ ಕರೆ ಮಾಡಿದ ಆ ತಾಯಿಗೆ ಮತ ಸಿಗುತ್ತದೆ.

ಈಗಿನ ಸಂಸತ್ತು ಮೊದಲು ಸೇರಿದ್ದು 2024ರ ಜುಲೈ 9ರಂದು. ಕೊನೆಯ ಗಡುವು 2029ರ ಆಗಸ್ಟ್ ಮಧ್ಯಕ್ಕೆ ಬೀಳುತ್ತದೆ, ಅಂದರೆ ಮತ್ತೆ ಶಾಲಾ ರಜೆ. ಆಗಸ್ಟಿನಲ್ಲಿ ಬೀಗ ಹಾಕದ ಸಭಾಂಗಣಗಳು ಯಾವುವು ಎಂದು ಒಂದು ಪಟ್ಟಿ ಶುರು ಮಾಡಿದ್ದೇನೆ. ಸದ್ಯಕ್ಕೆ ಅದರಲ್ಲಿ ಹನ್ನೊಂದು ಹೆಸರುಗಳಿವೆ.